ಒಂದೇ 6.31, ಮೂರು ಪರ್ಸೆಂಟು: ಒಂದು ಗ್ರೇಡ್ ಕಾರ್ಡಿನ ಪ್ರಕರಣ

ಕರಾವಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಂಟರ್ ಕೆಲಸ ನೋಡಿಕೊಳ್ಳುವಾಗ ಕಂಡ ಪ್ರಕರಣವಿದು. ಹುಡುಗನನ್ನು ಪ್ರಸನ್ನ ಎಂದು ಕರೆಯುತ್ತೇನೆ, ಅದು ಅವನ ಹೆಸರಲ್ಲ. ಊರು, ಶಾಖೆ, ಬ್ಯಾಚು, ಕಂಪನಿಗಳ ಗುರುತು ಬಿಟ್ಟಿದ್ದೇನೆ. ಅಂಕಗಳನ್ನು ಮಾತ್ರ ಲೆಕ್ಕ ತಪ್ಪದ ಹಾಗೆ ಉಳಿಸಿಕೊಂಡಿದ್ದೇನೆ, ಯಾಕೆಂದರೆ ಇಡೀ ಪ್ರಕರಣ ನಿಂತಿರುವುದು ಸಿಜಿಪಿಎಯನ್ನು ಪರ್ಸೆಂಟು ಮಾಡುವ ಲೆಕ್ಕದ ಮೇಲೆ. ಬರೆಯುವುದಕ್ಕೆ ಅವನ ಒಪ್ಪಿಗೆ ಇದೆ.

ಹಿನ್ನೆಲೆ

ಶಿರಸಿ ತಾಲೂಕಿನ ಒಂದು ಹಳ್ಳಿ. ಒಂದೂವರೆ ಎಕರೆ ಅಡಿಕೆ ತೋಟ, ಎರಡು ಎಮ್ಮೆ, ಅಪ್ಪ, ಆಯಿ, ಒಬ್ಬಳು ತಂಗಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಎಸ್‌ಎಸ್‌ಎಲ್‌ಸಿಯಲ್ಲಿ 84 ಪರ್ಸೆಂಟು. ಪಿಯುಸಿ ವಿಜ್ಞಾನಕ್ಕೆ ಬಂದಾಗ ಇಂಗ್ಲಿಷು, ಗಣಿತ ಎರಡೂ ಒಟ್ಟಿಗೆ ಮೈಮೇಲೆ ಬಿದ್ದು 57ಕ್ಕೆ ಇಳಿದ. ಸಿಇಟಿಯಲ್ಲಿ ಸೀಟು ಸಿಕ್ಕಿತು, ದೇವಿಮನೆ ಘಟ್ಟ ಇಳಿದು ಹಾಸ್ಟೆಲಿಗೆ ಬಂದ.

ಮೊದಲ ಸೆಮಿಸ್ಟರಿನಲ್ಲಿ ಗಣಿತ ಫೇಲು. ನಾಲ್ಕು ಕ್ರೆಡಿಟ್ಟಿನ, ಅಂದರೆ ನಾಲ್ಕು ತೂಕದ ವಿಷಯ. ಫೇಲಾದರೆ ಗ್ರೇಡ್ ಪಾಯಿಂಟು ಸೊನ್ನೆ, ಆದರೆ ಭಾಗಿಸುವಾಗ ಆ ನಾಲ್ಕು ಕ್ರೆಡಿಟ್ಟು ಹಾಗೇ ಇರುತ್ತದೆ. ಹಾಗಾಗಿ ಉಳಿದ ವಿಷಯಗಳಲ್ಲಿ ತಕ್ಕಮಟ್ಟಿಗೆ ಮಾಡಿದ್ದರೂ ಎಸ್‌ಜಿಪಿಎ (ಆ ಸೆಮಿಸ್ಟರಿನ ಸರಾಸರಿ ಪಾಯಿಂಟು) 4.40ಕ್ಕೆ ಕುಸಿಯಿತು. ಮುಂದಿನ ಅವಕಾಶದಲ್ಲಿ ಗಣಿತ ಬರೆದು ಪಿ ಗ್ರೇಡಿನಲ್ಲಿ, ಅಂದರೆ 4 ಪಾಯಿಂಟಿನಲ್ಲಿ ಪಾಸಾದ. 4 ಪಾಯಿಂಟು, 4 ಕ್ರೆಡಿಟ್ಟು, ಒಟ್ಟು 16. ಆ ಹದಿನಾರು ಸೇರಿ ಮೊದಲ ಸೆಮಿಸ್ಟರು 5.20 ಆಯಿತು. ಎರಡನೆಯದು 6.05, ಮೂರನೆಯದು 6.75, ನಾಲ್ಕನೆಯದು 7.00. ಹುಡುಗ ಮೇಲೇರುತ್ತಿದ್ದಾನೆ ಎಂಬುದು ಯಾರಿಗೂ ಕಾಣುವ ಹಾಗಿತ್ತು.

ಓದುಗರಲ್ಲಿ ಪೋಷಕರೂ ಇರುತ್ತಾರೆ, ಆದ್ದರಿಂದ ವ್ಯವಸ್ಥೆಯ ಬಗ್ಗೆ ಎರಡು ಮಾತು. ಯುಜಿಸಿ 2015ರ ಸುಮಾರಿಗೆ ದೇಶದ ವಿಶ್ವವಿದ್ಯಾಲಯಗಳ ಮುಂದಿಟ್ಟ ಆಯ್ಕೆಯಾಧಾರಿತ ಕ್ರೆಡಿಟ್ ಪದ್ಧತಿಯಲ್ಲಿ ಅಕ್ಷರಗಳು ಹತ್ತು ಪಾಯಿಂಟಿನ ಏಣಿಯ ಮೇಲೆ ಕೂರುತ್ತವೆ. ಓ ಎಂದರೆ 10, ಎ ಪ್ಲಸ್ 9, ಎ 8, ಬಿ ಪ್ಲಸ್ 7, ಬಿ 6, ಸಿ 5, ಪಿ 4, ಎಫ್ ಸೊನ್ನೆ. ಎಷ್ಟು ಅಂಕಕ್ಕೆ ಯಾವ ಅಕ್ಷರ ಎಂಬುದು ಆಯಾ ವಿಶ್ವವಿದ್ಯಾಲಯದ ನಿಯಮ. ಪ್ರಸನ್ನನ ನಿಯಮದಲ್ಲಿ 90ರ ಮೇಲೆ 10, ಎಂಬತ್ತರ ಮನೆಗೆ 9, ಎಪ್ಪತ್ತರ ಮನೆಗೆ 8, ಅರವತ್ತರ ಮನೆಗೆ 7, 55ರಿಂದ 59ಕ್ಕೆ 6, 50ರಿಂದ 54ಕ್ಕೆ 5, 40ರಿಂದ 49ಕ್ಕೆ 4. ಕ್ರೆಡಿಟ್ಟು ಅಂದರೆ ಆ ವಿಷಯದ ತೂಕ. ವಾರಕ್ಕೆ ಒಂದು ಗಂಟೆ ಪಾಠಕ್ಕೆ ಒಂದು ಕ್ರೆಡಿಟ್ಟು, ಲ್ಯಾಬಾದರೆ ಎರಡು ಗಂಟೆಗೆ ಒಂದು. ಪ್ರತಿ ವಿಷಯದ ಗ್ರೇಡ್ ಪಾಯಿಂಟನ್ನು ಅದರ ಕ್ರೆಡಿಟ್ಟಿನಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಕ್ರೆಡಿಟ್ಟಿನಿಂದ ಭಾಗಿಸಿದರೆ ಆ ಸೆಮಿಸ್ಟರಿನ ಎಸ್‌ಜಿಪಿಎ. ಈವರೆಗಿನ ಎಲ್ಲ ಸೆಮಿಸ್ಟರುಗಳನ್ನು ಹೀಗೆಯೇ ಕೂಡಿ ಭಾಗಿಸಿದರೆ ಸಿಜಿಪಿಎ.

ಇಲ್ಲಿ ಮಕ್ಕಳು ಮೊದಲು ಎಡವುವ ಜಾಗ ಒಂದಿದೆ. ಪ್ರಸನ್ನ ತನ್ನ ನಾಲ್ಕು ಎಸ್‌ಜಿಪಿಎ ಕೂಡಿಸಿ ನಾಲ್ಕರಿಂದ ಭಾಗಿಸಿ 6.25 ಎಂದು ನೋಟ್‌ಬುಕ್ಕಿನ ಹಿಂದೆ ಬರೆದುಕೊಂಡಿದ್ದ. ಗ್ರೇಡ್ ಕಾರ್ಡಿನಲ್ಲಿ 6.31 ಎಂದಿತ್ತು. ವಿಶ್ವವಿದ್ಯಾಲಯವೇ ತಪ್ಪಿ ಆರು ಪೈಸೆ ಹೆಚ್ಚು ಕೊಟ್ಟಿದೆ ಎಂದುಕೊಂಡು ಯಾರಿಗೂ ಹೇಳದೆ ಸುಮ್ಮನಿದ್ದ! ಮೊದಲೆರಡು ಸೆಮಿಸ್ಟರಿಗೆ 20 ಕ್ರೆಡಿಟ್ಟು, ನಂತರದ ಎರಡಕ್ಕೆ 24. ಚೆನ್ನಾಗಿ ಮಾಡಿದ ಸೆಮಿಸ್ಟರುಗಳೇ ತೂಕದವು. 104, 121, 162, 168 ಪಾಯಿಂಟು ಕೂಡಿದರೆ 555. ಅದನ್ನು 88ರಿಂದ ಭಾಗಿಸಿದರೆ 6.31. ಕಾರ್ಡು ಸರಿಯಾಗಿಯೇ ಇತ್ತು.

ಸಮಸ್ಯೆ ಎದ್ದದ್ದು ಎಲ್ಲಿ

ಐದನೇ ಸೆಮಿಸ್ಟರು ಶುರುವಾದಾಗ ಒಂದು ಕಂಪನಿ ಇಂಟರ್ನ್‌ಶಿಪ್ಪಿಗೆ ಹೆಸರು ಕೇಳಿತು. ಅರ್ಹತೆ, ಪದವಿಯಲ್ಲಿ ಈವರೆಗೆ 60 ಪರ್ಸೆಂಟು. ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗ ಒಂದು ಫಾರ್ಮು ಹರಿಬಿಟ್ಟಿತು. ಹೆಸರು, ರಿಜಿಸ್ಟರ್ ನಂಬರು, ಸಿಜಿಪಿಎ, ಪರ್ಸೆಂಟೇಜು. ಬಂದ ಪಟ್ಟಿಯನ್ನು ಪರ್ಸೆಂಟೇಜಿನ ಪ್ರಕಾರ ಮೇಲಿಂದ ಕೆಳಗೆ ಜೋಡಿಸಿ, ಒಮ್ಮೆ ನೋಡಿ ಎಂದು ಮೆಂಟರುಗಳಿಗೆ ಕಳಿಸಿದರು.

ಪಟ್ಟಿಯ ಮಧ್ಯದಲ್ಲಿ ಎರಡು ಸಾಲು ಒಂದರ ಕೆಳಗೊಂದು ಇದ್ದವು. ಪ್ರಸನ್ನ, ಸಿಜಿಪಿಎ 6.31, ಪರ್ಸೆಂಟೇಜು 63.1. ಅವನ ಕೆಳಗೆ ಅಂಕೋಲಾ ಕಡೆಯ ಒಬ್ಬ ಹುಡುಗಿ, ಸಿಜಿಪಿಎ 6.92, ಪರ್ಸೆಂಟೇಜು 61.7. ಸಿಜಿಪಿಎ ಹೆಚ್ಚಿದ್ದವಳು ಕೆಳಗೆ, ಕಡಿಮೆ ಇದ್ದವನು ಮೇಲೆ.

ಹುಡುಗಿ ಬರೆದದ್ದು ಸರಿ. ಆ ಬ್ಯಾಚಿಗೆ ವಿಶ್ವವಿದ್ಯಾಲಯದ ನಿಯಮಾವಳಿಯಲ್ಲಿದ್ದ ಸೂತ್ರ ಸಿಜಿಪಿಎಯಿಂದ 0.75 ಕಳೆದು 10ರಿಂದ ಗುಣಿಸಿ ಎಂಬುದು. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇಯ ಕೋಷ್ಟಕವೂ ಇದನ್ನೇ ಹೇಳುತ್ತದೆ, 6.25ಕ್ಕೆ 55, 6.75ಕ್ಕೆ 60, 7.25ಕ್ಕೆ 65, 7.75ಕ್ಕೆ 70. ಆ ಲೆಕ್ಕದಲ್ಲಿ ಪ್ರಸನ್ನನದು 55.6. ಅರವತ್ತಕ್ಕೆ ಹತ್ತಿರವೂ ಇಲ್ಲ.

ಕರೆಸಿ ಕೇಳಿದೆ. ಹುಬ್ಬಳ್ಳಿಯ ಮಾವ ಹೇಳಿಕೊಟ್ಟದ್ದಂತೆ, ಹತ್ತಕ್ಕೆ 6.31 ಅಂದರೆ ನೂರಕ್ಕೆ 63.1, ಇದಕ್ಕೆ ಇಂಜಿನಿಯರಿಂಗ್ ಯಾಕೆ ಬೇಕು ಎಂದು. ಹಾಸ್ಟೆಲಿನ ರೂಮ್‌ಮೇಟು ಬೇರೆ ಲೆಕ್ಕ ಹೇಳಿದ್ದ. ಅವನು ಕೈಗಾದಲ್ಲಿ ಸಿಬಿಎಸ್‌ಇ ಓದಿ ಬಂದವನು. ಹತ್ತನೇ ತರಗತಿಗೆ ಸಿಬಿಎಸ್‌ಇ ಸಿಜಿಪಿಎ ಕೊಡುತ್ತಿದ್ದ ವರ್ಷಗಳಲ್ಲಿ 9.5ರಿಂದ ಗುಣಿಸಿದರೆ ಅಂದಾಜು ಪರ್ಸೆಂಟೇಜು ಎಂದಿತ್ತು. ಹಾಗೆ ಮಾಡಿದರೆ 59.9. ಅರವತ್ತಕ್ಕೆ ಕೂದಲೆಳೆ ಕಡಿಮೆ ಬಂದದ್ದರಿಂದ ಆ ಲೆಕ್ಕ ಬಿಟ್ಟು ಮಾವನ ಲೆಕ್ಕ ಹಿಡಿದಿದ್ದ.

ಅವನು ಹಾಗೆ ಆರಿಸಿಕೊಂಡ ಎಂಬುದು ನನಗೆ ಮುಖ್ಯವಾಗಿ ಕಂಡಿತು. ಸೂತ್ರ ಗೊತ್ತಿಲ್ಲದೆ ತಪ್ಪುವುದು ಒಂದು. ಎರಡು ಸೂತ್ರ ಮುಂದಿಟ್ಟುಕೊಂಡು ಅರವತ್ತು ದಾಟಿಸುವುದನ್ನು ಹಿಡಿಯುವುದು ಇನ್ನೊಂದು. ಅವನಿಗೆ ಆ ವ್ಯತ್ಯಾಸ ಆಗ ಹೊಳೆದಿರಲಿಲ್ಲ ಎಂದೇ ಈಗಲೂ ನಂಬುತ್ತೇನೆ, ಆದರೆ ಕಂಪನಿಯ ಕಾಗದ ಪರಿಶೀಲಿಸುವವರು ಹಾಗೆ ನಂಬಬೇಕೆಂದಿಲ್ಲ.

ಇನ್ನೂ ಒಂದು ಸಂಖ್ಯೆ ಇತ್ತು. ಅವನು ನಾಲ್ಕು ಸೆಮಿಸ್ಟರಿನ ಅಸಲಿ ಅಂಕಗಳನ್ನೆಲ್ಲ ಕೂಡಿಸಿ ತಂದು ತೋರಿಸಿದ. ಸರಾಸರಿ ಸುಮಾರು 59. “ಸರ್, ಅಂಕ 59 ಇದೆ, ಪರ್ಸೆಂಟು 55.6 ಹೇಗೆ ಆಗ್ತದೆ?” ಎಂಬ ಪ್ರಶ್ನೆ ನ್ಯಾಯವಾದದ್ದೇ. ಕಾರಣ ಅಂಕಗಳ ಮನೆಗಳಲ್ಲಿದೆ. 60 ಬಂದವನಿಗೂ 69 ಬಂದವನಿಗೂ 7. 7ನ್ನು ಸೂತ್ರಕ್ಕೆ ಹಾಕಿದರೆ 62.5, ಅರವತ್ತರ ಮನೆಯ ನಡುವಿಗೆ ಹತ್ತಿರ. ಕೆಳಗಿನ ಮನೆಗಳಲ್ಲಿ ಸೂತ್ರ ಇಷ್ಟು ದಯೆ ತೋರಿಸುವುದಿಲ್ಲ. 48 ಅಂಕ ತೆಗೆದವನ ಪಾಯಿಂಟು 4, ಸೂತ್ರಕ್ಕೆ ಹಾಕಿದರೆ 32.5. ಪಿ, ಸಿ ಗ್ರೇಡುಗಳು ಹೆಚ್ಚಿದ್ದವನ ಪರ್ಸೆಂಟೇಜು ಅಸಲಿ ಅಂಕಕ್ಕಿಂತ ಕೆಳಗೇ ಬರುತ್ತದೆ. ಮೊದಲ ವರ್ಷ ಎಡವಿದ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಪೆಟ್ಟು ಜಾಸ್ತಿ. ಇದು ಅನ್ಯಾಯ ಎಂದು ನನಗೂ ಅನ್ನಿಸುತ್ತದೆ. ಹಾಗಂತ ಫಾರ್ಮಿನಲ್ಲಿ ನಮಗೆ ಬೇಕಾದ ಸೂತ್ರ ಬರೆಯಲಿಕ್ಕೆ ಬರುವುದಿಲ್ಲ.

ಮೊದಲ ತಿರುವು: ಫಾರ್ಮು

ಪ್ಲೇಸ್‌ಮೆಂಟ್ ವಿಭಾಗದ ಒಬ್ಬರ ಅಭಿಪ್ರಾಯ ಬೇರೆಯಿತ್ತು. “ಎಲ್ಲರೂ ಹಾಗೇ ಬರೀತಾರೆ, ಕಂಪನಿಯವರು ಸಿಜಿಪಿಎ ನೋಡ್ಕೊಳ್ತಾರೆ, ಹುಡುಗನ ಹೆಸರು ಯಾಕೆ ತೆಗೀತೀರಿ?” ಅವರ ಮಾತಿನಲ್ಲಿ ಮಕ್ಕಳ ಮೇಲಿನ ಕಾಳಜಿಯೇ ಇತ್ತು. ಬಿಟ್ಟುಬಿಡುವುದು ಸುಲಭವೂ ಆಗಿತ್ತು. ಆದರೆ ಪಟ್ಟಿಯಿಂದ ಇಂತಿಷ್ಟೇ ಜನರನ್ನು ಕಳಿಸುವುದಿತ್ತು. ಇವನು 63.1ರಲ್ಲಿ ಉಳಿದರೆ ಅಂಕೋಲೆಯ ಹುಡುಗಿ ಒಂದು ಸ್ಥಾನ ಕೆಳಗೆ. ಅವಳೇನು ತಪ್ಪು ಮಾಡಿದ್ದಳು?

ನಾನು ನಿರ್ಧಾರವನ್ನು ಪ್ರಸನ್ನನಿಗೇ ಬಿಟ್ಟೆ, ಎರಡು ಸಾಲುಗಳನ್ನೂ ತೋರಿಸಿ. ಅವನು ಮನೆಗೆ ಫೋನು ಮಾಡಿದ. ಆ ವಾರವೇ ಅವನ ಅಪ್ಪ ಬಸ್ಸು ಹತ್ತಿ ಬಂದರು, ಕೈಯಲ್ಲಿ ಒಂದು ಪೊಟ್ಟಣ ತೊಡೆದೇವು.

“ಸರ್, ಈ ಆರು ಪಾಯಿಂಟು ಹೇಳಿದ್ರೆ ಎಂತದು? ಪಾಸೋ, ಫಸ್ಟ್‌ಕ್ಲಾಸೋ?” ಎಂದು ಶುರು ಮಾಡಿದರು. ನಾನು ಕ್ರೆಡಿಟ್ಟು, ಗ್ರೇಡು ಎಂದು ಬೋರ್ಡಿನ ಮೇಲೆ ಬರೆಯತೊಡಗಿದೆ. ಅರ್ಧಕ್ಕೇ ಅವರು ತಡೆದರು. ಶಿರಸಿ ಪೇಟೆಗೆ ರಾಶಿ ಅಡಿಕೆ ನಾಲ್ಕು ಕ್ವಿಂಟಲ್, ಬಿಳಿಗೋಟು ಒಂದು ಕ್ವಿಂಟಲ್ ಒಯ್ದರೆ ಎರಡರ ದರ ಕೂಡಿಸಿ ಅರ್ಧ ಮಾಡಿ ಯಾರೂ ದುಡ್ಡು ಕೊಡುವುದಿಲ್ಲ, ತೂಕ ನೋಡಿಯೇ ಪಟ್ಟಿ ಆಗುವುದು, ಹಾಗೇ ತಾನೇ? ಹೌದು, ಹಾಗೆಯೇ. ದರದ ಜಾಗದಲ್ಲಿ ಗ್ರೇಡು, ತೂಕದ ಜಾಗದಲ್ಲಿ ಕ್ರೆಡಿಟ್ಟು. ನನ್ನ ಬೋರ್ಡಿನ ಲೆಕ್ಕಕ್ಕಿಂತ ಅದು ಚೊಕ್ಕವಾಗಿತ್ತು. ಈಗ ಮೊದಲ ವರ್ಷದ ಪೋಷಕರ ಸಭೆಯಲ್ಲಿ ಅದನ್ನೇ ಹೇಳುತ್ತೇನೆ.

ಆಮೇಲೆ ಪರ್ಸೆಂಟಿನ ವಿಷಯ ಬಂತು. 55.6 ಎಂಬುದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು ಮಗನ ಕಡೆ ತಿರುಗಿದರು. “ಹಂಗಾರೆ ನೀ ಬರ್ದಿದ್ದು ಸುಳ್ಳಾತಲಾ ತಮಾ?”

“ಎಂಗೆ ಗೊತ್ತಿತ್ತಿಲ್ಲೆ ಅಪ್ಪಯ್ಯ.”

“ಈಗ ಗೊತ್ತಾತಲಾ.”

ಅಷ್ಟೇ ಮಾತು. ಮರುದಿನ ಪ್ರಸನ್ನ ಫಾರ್ಮು ತಿದ್ದಿದ. ಪಟ್ಟಿಯಿಂದ ಹೆಸರು ಹೋಯಿತು. ಇಂಟರ್ನ್‌ಶಿಪ್ಪು ಅಂಕೋಲೆಯ ಹುಡುಗಿಗೂ ಇನ್ನಿಬ್ಬರಿಗೂ ಸಿಕ್ಕಿತು. ಅವನು ನನ್ನ ಮೇಲೆ ಸಿಟ್ಟಾಗಿಯೇ ಇದ್ದ, ಕಾರಿಡಾರಿನಲ್ಲಿ ಎದುರಾದರೆ ತಲೆ ತಗ್ಗಿಸಿ ಹೋಗುತ್ತಿದ್ದ. ಹದಿವಯಸ್ಸು ದಾಟಿದ ಹುಡುಗರಿಗೆ ಸರಿಯಾದದ್ದನ್ನು ಮಾಡಿ ಕಳೆದುಕೊಂಡದ್ದು ತಪ್ಪು ಮಾಡಿ ಕಳೆದುಕೊಂಡದ್ದಕ್ಕಿಂತ ಹೆಚ್ಚು ಉರಿಯುತ್ತದೆ.

ಎರಡನೆಯ ತಿರುವು: ರೀವ್ಯಾಲ್ಯುಯೇಷನ್

ಸಿಟ್ಟಿನಲ್ಲಿದ್ದವನು ನನ್ನ ಕೋಣೆಗೆ ಮತ್ತೆ ಬಂದದ್ದು ರೀವ್ಯಾಲ್ಯುಯೇಷನ್ನಿನ ಕೊನೆ ದಿನಾಂಕ ಹತ್ತಿರವಾದಾಗ. ನಾಲ್ಕನೇ ಸೆಮಿಸ್ಟರಿನ ಒಂದು ನಾಲ್ಕು ಕ್ರೆಡಿಟ್ಟಿನ ವಿಷಯದಲ್ಲಿ 43 ಬಂದಿತ್ತು. ತಾನು ಚೆನ್ನಾಗಿ ಬರೆದಿದ್ದೆ, ಪೇಪರು ನೋಡಿದವರು ಮೋಸ ಮಾಡಿದ್ದಾರೆ ಎಂಬುದು ಅವನ ವಾದ. ಅದೇ ಸೆಮಿಸ್ಟರಿನಲ್ಲಿ ಇನ್ನೊಂದು ನಾಲ್ಕು ಕ್ರೆಡಿಟ್ಟಿನ ವಿಷಯದಲ್ಲಿ 69, ಮೂರು ಕ್ರೆಡಿಟ್ಟಿನ ಒಂದರಲ್ಲಿ 58. ಅವುಗಳ ಬಗ್ಗೆ ಅವನಿಗೆ ದೂರು ಇರಲಿಲ್ಲ, 69 ಬಂದದ್ದು ಖುಷಿಯೇ.

ಎರಡು ಪೇಪರಿಗೆ ಮಾತ್ರ ಶುಲ್ಕ ಕಟ್ಟುವಷ್ಟು ದುಡ್ಡಿತ್ತು. ನಾನು ಕೇಳಿದ್ದು ಇಷ್ಟೇ: 43 ಇದ್ದದ್ದು 49 ಆದರೆ ಏನಾಗುತ್ತದೆ? ಏನೂ ಆಗುವುದಿಲ್ಲ, ಪಿ ಗ್ರೇಡೇ. 50 ಆದರೆ ಮಾತ್ರ ಸಿ, ಅದಕ್ಕೆ ಏಳು ಅಂಕ ಏರಬೇಕು. 69 ಇದ್ದದ್ದು ಒಂದೇ ಅಂಕ ಏರಿದರೆ 70, ಪಾಯಿಂಟು 7ರಿಂದ 8, ನಾಲ್ಕು ಕ್ರೆಡಿಟ್ಟಿಗೆ ಒಟ್ಟು ನಾಲ್ಕು ಪಾಯಿಂಟು ಲಾಭ. 58 ಇದ್ದದ್ದು ಎರಡು ಅಂಕ ಏರಿದರೆ ಮೂರು ಪಾಯಿಂಟು. ನನ್ನ ಸಲಹೆ 69 ಮತ್ತು 58.

ಅವನು 69ಕ್ಕೆ ಒಪ್ಪಿದ, 43ನ್ನು ಬಿಡಲು ಒಪ್ಪಲಿಲ್ಲ. ನ್ಯಾಯ ಬೇಕು ಎಂದ. ಕಟ್ಟುವವನು ಅವನು, ನಾನು ಸುಮ್ಮನಾದೆ.

ಫಲಿತಾಂಶ ಬಂತು. 43 ಇದ್ದದ್ದು 47 ಆಗಿತ್ತು. ಅವನ ದೂರಿನಲ್ಲಿ ಹುರುಳಿತ್ತು ಎಂದಾಯಿತು, ನಾಲ್ಕು ಅಂಕ ಸಿಕ್ಕಿತು, ಪಾಯಿಂಟು ಒಂದೂ ಸಿಗಲಿಲ್ಲ. 69 ಇದ್ದದ್ದು 71 ಆಗಿತ್ತು. ಎರಡೇ ಅಂಕ, ನಾಲ್ಕು ಪಾಯಿಂಟು. 555 ಇದ್ದದ್ದು 559 ಆಗಿ ಸಿಜಿಪಿಎ 6.35ಕ್ಕೆ ಬಂತು. ಇದಾದ ಮೇಲೆ ಅವನು ಲೆಕ್ಕದ ಹಾಳೆ ಹಿಡಿದುಕೊಂಡು ತಾನೇ ಬರಲು ಶುರು ಮಾಡಿದ.

ಐದು ಮತ್ತು ಆರನೇ ಸೆಮಿಸ್ಟರು

ಕ್ಯಾಂಪಸ್ ಸಂದರ್ಶನಗಳು ಏಳನೇ ಸೆಮಿಸ್ಟರಿನಲ್ಲಿ. ಆರನೆಯದರ ಫಲಿತಾಂಶದವರೆಗಿನ ಸಿಜಿಪಿಎ ಅಲ್ಲಿ ಲೆಕ್ಕಕ್ಕೆ ಬರುತ್ತದೆ. 60 ಪರ್ಸೆಂಟಿಗೆ ಬೇಕಾದದ್ದು 6.75. ಐದು ಮತ್ತು ಆರಕ್ಕೆ 25 ಮತ್ತು 24, ಒಟ್ಟು 49 ಕ್ರೆಡಿಟ್ಟು. ಹಿಂದಿನ 88 ಸೇರಿ 137. 137ನ್ನು 6.75ರಿಂದ ಗುಣಿಸಿದರೆ ಸುಮಾರು 925. ಕೈಯಲ್ಲಿ 559. ಉಳಿದ 366ನ್ನು 49 ಕ್ರೆಡಿಟ್ಟಿನಲ್ಲಿ ಗಳಿಸಬೇಕು, ಅಂದರೆ ಎರಡೂ ಸೆಮಿಸ್ಟರು ಸರಾಸರಿ 7.47. ಈವರೆಗೆ ಅವನ ಅತ್ಯುತ್ತಮ, ನಾಲ್ಕನೆಯದು ಏರಿದ ಮೇಲೆ, 7.17. ಅಸಾಧ್ಯವಲ್ಲ, ಹಗುರವೂ ಅಲ್ಲ. ಪಾಸಾದ ವಿಷಯವನ್ನು ಮತ್ತೆ ಬರೆದು ಹಳೆಯ ಗ್ರೇಡು ಏರಿಸಿಕೊಳ್ಳುವ ದಾರಿ ಅವನ ನಿಯಮದಲ್ಲಿ ಇರಲಿಲ್ಲ. ಹೋದದ್ದು ಹೋಯಿತು.

ಅವನ ಮೊದಲ ಯೋಜನೆ ಎಲ್ಲ ಹುಡುಗರದ್ದೂ ಹೌದು, ಇಷ್ಟವಾದ ಎರಡು ವಿಷಯಗಳಲ್ಲಿ ತೊಂಬತ್ತು ತೆಗೆಯುವುದು, ಕಷ್ಟದ್ದನ್ನು ಪಾಸು ಮಾಡಿಕೊಂಡರೆ ಸಾಕು ಎನ್ನುವುದು. ಕಾಗದದ ಮೇಲೆ ಹಾಕಿ ನೋಡಿದೆವು. ನಾಲ್ಕು ಕ್ರೆಡಿಟ್ಟಿನ ಕಷ್ಟದ ವಿಷಯದಲ್ಲಿ 45ರ ಬದಲು 60 ತೆಗೆದರೆ ಪಾಯಿಂಟು 4ರಿಂದ 7, ಲಾಭ 12. ಇಷ್ಟದ ವಿಷಯದಲ್ಲಿ ಎಂಬತ್ತರ ಮನೆಯಿಂದ ತೊಂಬತ್ತಕ್ಕೆ ಹೋದರೆ ಲಾಭ 4, ಅದೂ ಬೆವರು ಸುರಿಸಿ. ಪಿ ಇರುವಲ್ಲಿಂದ ಬಿ ಪ್ಲಸ್ಸಿಗೆ ಬರಲು ಹದಿನೈದು ಅಂಕ ಸಾಕು, ಮೂರು ಮನೆ ದಾಟುತ್ತದೆ, ಯಾಕೆಂದರೆ ಐವತ್ತರಿಂದ ಅರವತ್ತರ ನಡುವಿನ ಮನೆಗಳು ಐದೈದು ಅಂಕದ ಚಿಕ್ಕ ಮನೆಗಳು. ಹೀಗಾಗಿ ಅವನ ವೇಳಾಪಟ್ಟಿ ತಲೆಕೆಳಗಾಯಿತು. ಬೆಳಗಿನ ಹೊತ್ತು ಕಷ್ಟದ ವಿಷಯಕ್ಕೆ, ಇಷ್ಟದ್ದು ರಾತ್ರಿಗೆ.

ಇಂಟರ್ನಲ್ಸ್ ಇನ್ನೊಂದು. ಪರೀಕ್ಷೆಯ ಅಂಕಕ್ಕೆ ಇಂಟರ್ನಲ್ ಸೇರಿಯೇ ಗ್ರೇಡು ಆಗುವುದು. ಮೊದಲ ಎರಡು ವರ್ಷ ಅವನು ಮೊದಲನೇ ಟೆಸ್ಟನ್ನು ಗಂಭೀರವಾಗಿ ತೆಗೆದುಕೊಂಡದ್ದೇ ಇಲ್ಲ, ಕೊಯ್ಲಿನ ದಿನಗಳಲ್ಲಿ ಊರಿಗೆ ಹೋಗಿ ಒಂದೊಂದು ಟೆಸ್ಟು ತಪ್ಪಿಸಿಕೊಂಡದ್ದೂ ಇತ್ತು. ಈ ಸಲ ಅಡಿಕೆ ಕೊಯ್ಲಿಗೆ ಬರುವುದು ಬೇಡ ಎಂದು ಅಪ್ಪನೇ ಹೇಳಿ ಆಳು ಹಿಡಿದರಂತೆ. ಆ ಮನೆಗೆ ಅದು ಸಣ್ಣ ಖರ್ಚಲ್ಲ. ಲ್ಯಾಬುಗಳನ್ನು ಹುಡುಗರು ಪುಕ್ಕಟೆ ಅಂಕ ಎಂದು ತಿಳಿದು ರೆಕಾರ್ಡು ಕೊನೆಗೆ ಬರೆಯುತ್ತಾರೆ. ಎರಡು ಲ್ಯಾಬು ಸೇರಿದರೆ ನಾಲ್ಕು ಕ್ರೆಡಿಟ್ಟು, ಒಂದು ದೊಡ್ಡ ವಿಷಯದಷ್ಟು. ಅದನ್ನು ಹೇಳಿದ ಮೇಲೆ ಅವನ ರೆಕಾರ್ಡು ಪ್ರತಿ ವಾರ ಸಹಿಗೆ ಬರತೊಡಗಿತು.

ಐದನೇ ಸೆಮಿಸ್ಟರು 7.72. ದೊಡ್ಡ ಮೂರು ವಿಷಯಗಳಲ್ಲಿ 8, 8, 7. ಆ ಏಳು ಅವನು ಹೆದರುತ್ತಿದ್ದ ವಿಷಯದ್ದು, 61 ಅಂಕ. ಸಣ್ಣವುಗಳಲ್ಲಿ 7, 8, 6. ಲ್ಯಾಬು 9 ಮತ್ತು 10. ಒಟ್ಟು 193 ಪಾಯಿಂಟು.

ಇನ್ನು 173 ಸಾಕು, ಸರಾಸರಿ 7.21. ಇಲ್ಲಿ ಅವನು ಸ್ವಲ್ಪ ಸಡಿಲಿಸಿದ ಎಂದು ನನ್ನ ಅಂದಾಜು, ಅವನು ಒಪ್ಪುವುದಿಲ್ಲ. ಆರನೇ ಸೆಮಿಸ್ಟರಿನಲ್ಲಿ ದೊಡ್ಡ ವಿಷಯವೊಂದು 52ಕ್ಕೆ ನಿಂತು ಸಿ ಬಂತು, ಲ್ಯಾಬುಗಳು 8ಕ್ಕೆ ಇಳಿದವು, ಕಿರು ಪ್ರಾಜೆಕ್ಟು ಮಾತ್ರ 9. ಒಟ್ಟು 175, ಎಸ್‌ಜಿಪಿಎ 7.29. ಸಿಜಿಪಿಎ 927 ಭಾಗಿಸು 137, ಅಂದರೆ 6.77. ಪರ್ಸೆಂಟೇಜು 60.2.

69ರ ಪೇಪರನ್ನು ಮರುಮೌಲ್ಯಮಾಪನಕ್ಕೆ ಹಾಕದೇ ಇದ್ದಿದ್ದರೆ 923 ಪಾಯಿಂಟು, 6.74, ಪರ್ಸೆಂಟೇಜು 59.9. ನಾವಿಬ್ಬರೂ ಆ ಲೆಕ್ಕವನ್ನು ಮಾಡಿ ನೋಡಿದೆವು. 59.9ನ್ನು 60 ಎಂದು ಹತ್ತಿರಕ್ಕೆ ತರುವ ಹಕ್ಕು ವಿದ್ಯಾರ್ಥಿಗೂ ಇಲ್ಲ, ಕಾಲೇಜಿಗೂ ಇಲ್ಲ. ಕಂಪನಿಯ ತಂತ್ರಾಂಶ ಅಂಥ ಹೆಸರನ್ನು ಮನುಷ್ಯರು ನೋಡುವ ಮೊದಲೇ ಬದಿಗೆ ಸರಿಸುತ್ತದೆ.

ಏನಾಯಿತು

ಮೊದಲು ಬಂದ ಕಂಪನಿಯ ಷರತ್ತು ಹತ್ತನೇ ತರಗತಿಯಿಂದ ಪದವಿವರೆಗೆ ಎಲ್ಲೆಡೆ 60. ಪಿಯುಸಿಯ 57 ಅಡ್ಡ ಬಂತು. ಎರಡು ಸೆಮಿಸ್ಟರಿನ ದುಡಿಮೆ ಅಲ್ಲಿ ಏನೂ ಕೆಲಸಕ್ಕೆ ಬರಲಿಲ್ಲ. ಪಿಯುಸಿ ಅಂಕ ಇನ್ನು ಬದಲಾಗುವುದಿಲ್ಲ, ಅದನ್ನು ಕೇಳುವ ಕಂಪನಿಗಳನ್ನು ಮೊದಲೇ ಪಟ್ಟಿಯಿಂದ ಹೊಡೆದುಹಾಕಿ ಉಳಿದವುಗಳಿಗೆ ತಯಾರಾಗುವುದು ಒಳ್ಳೆಯದಿತ್ತು.

ಎರಡನೆಯದು ಪರ್ಸೆಂಟೇಜು ಕೇಳಲೇ ಇಲ್ಲ. 6.5 ಸಿಜಿಪಿಎ, ಮತ್ತು ಬಾಕಿ ಉಳಿದ ವಿಷಯ ಇರಬಾರದು. ಇದಕ್ಕೆ ಅವನು ಸುಲಭವಾಗಿ ಅರ್ಹ. ಬಾಕಿ ವಿಷಯದ ಷರತ್ತಿನಲ್ಲೂ ಎರಡು ಬಗೆ ಇರುತ್ತದೆ. ಈಗ ಯಾವುದೂ ಬಾಕಿ ಇರಬಾರದು ಎನ್ನುವುದು ಒಂದು, ಹಿಂದೆ ಎಂದೂ ಫೇಲಾಗಿರಬಾರದು ಎನ್ನುವುದು ಇನ್ನೊಂದು. ಇವರದ್ದು ಮೊದಲ ಬಗೆ, ಮೊದಲ ಸೆಮಿಸ್ಟರಿನ ಗಣಿತ ತೊಂದರೆ ಕೊಡಲಿಲ್ಲ. ಲಿಖಿತ ಪರೀಕ್ಷೆಯಲ್ಲಿ ಆಯ್ಕೆಯಾಗಲಿಲ್ಲ, ಅದು ಬೇರೆ ಮಾತು.

ಮೂರನೆಯದಕ್ಕೆ ಪದವಿಯಲ್ಲಿ ಮಾತ್ರ 60 ಪರ್ಸೆಂಟು. ಗೋವೆಯ ವೆರ್ಣಾ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆ. ಪರೀಕ್ಷೆ, ಸಂದರ್ಶನ ಎರಡೂ ದಾಟಿದ. ಕೆಲಸಕ್ಕೆ ಸೇರುವ ಮೊದಲು ಅವರು ಪ್ರತಿ ಸೆಮಿಸ್ಟರಿನ ಗ್ರೇಡ್ ಕಾರ್ಡು, ವಿಶ್ವವಿದ್ಯಾಲಯದ ಪರಿವರ್ತನಾ ಸೂತ್ರದ ಪ್ರತಿ ಎರಡನ್ನೂ ಕೇಳಿದರು. ಪರಿಶೀಲನೆಯ ಮೇಜಿನಲ್ಲಿದ್ದ ಮಹಿಳೆ ಕ್ಯಾಲ್ಕುಲೇಟರಿನಲ್ಲಿ 6.77 ಒತ್ತಿ, 0.75 ಕಳೆದು, ಹತ್ತರಿಂದ ಗುಣಿಸಿ, ಅವನ ಅರ್ಜಿಯ 60.2ರ ಮೇಲೆ ಪೆನ್ಸಿಲಿನಿಂದ ಗೀಟು ಎಳೆದರಂತೆ. ಇಡೀ ಕೆಲಸ ಅರ್ಧ ನಿಮಿಷ. ಫೋನಿನಲ್ಲಿ ಇದನ್ನು ಹೇಳುವಾಗ ಅವನು ನಗುತ್ತಿದ್ದ.

ಏನು ಬದಲಾಯಿಸಿದೆವು

ನಮ್ಮ ವಿಭಾಗದ ಫಾರ್ಮಿನಿಂದ ಪರ್ಸೆಂಟೇಜಿನ ಖಾನೆಯನ್ನು ತೆಗೆದೆವು. ವಿದ್ಯಾರ್ಥಿ ಸಿಜಿಪಿಎ ಮತ್ತು ತನ್ನ ನಿಯಮಾವಳಿಯ ವರ್ಷ ಬರೆದರೆ ಸಾಕು, ಪರಿವರ್ತನೆ ಕಚೇರಿಯಲ್ಲಿ ಒಂದೇ ಕಡೆ ಆಗುತ್ತದೆ. ವರ್ಷ ಯಾಕೆಂದರೆ, ಪ್ರಸನ್ನನ ನಂತರದ ಹೊಸ ನಿಯಮಾವಳಿಯಲ್ಲಿ 0.75 ಕಳೆಯುವುದು ಹೋಗಿ ನೇರ ಹತ್ತರಿಂದ ಗುಣಿಸುವ ಸೂತ್ರ ಬಂದಿದೆ. ಅದೇ 6.31 ಈಗ ನಿಜಕ್ಕೂ 63.1. ಹುಬ್ಬಳ್ಳಿಯ ಮಾವನ ಲೆಕ್ಕ ತಪ್ಪಿದ್ದು ಬ್ಯಾಚಿನಲ್ಲಿ. ಹಳೆಯ ಬ್ಯಾಚಿನ ಮಕ್ಕಳು ಹೊಸಬರ ಸೂತ್ರ ನೋಡಿ ಹೊಟ್ಟೆ ಉರಿದುಕೊಳ್ಳುವುದನ್ನು ನಾನು ತಡೆಯಲಾರೆ, ಉರಿಯುವಂಥದ್ದೇ ಅದು.

ಮೆಂಟರುಗಳಿಗೆ ಒಂದು ಮಾತು. ನಾಲ್ಕನೇ ಸೆಮಿಸ್ಟರಿನ ಫಲಿತಾಂಶ ಬಂದ ಕೂಡಲೇ ಪ್ರತಿ ವಿದ್ಯಾರ್ಥಿಯ ಜೊತೆ ಕೂತು ಇನ್ನೆಷ್ಟು ಕ್ರೆಡಿಟ್ಟು ಉಳಿದಿದೆ, ಎಷ್ಟು ಪಾಯಿಂಟು ಬೇಕು ಎಂಬುದನ್ನು ಬರೆಸಿ. ಐದನೇ ಸೆಮಿಸ್ಟರಿನವರೆಗೆ ಕಾದರೆ ಏರಿಸಲು ಉಳಿಯುವ ಕ್ರೆಡಿಟ್ಟು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಆರರ ನಂತರ ಮಾಡಿದರೆ ಸಂದರ್ಶನದ ಹೊತ್ತಿಗೆ ಏನೂ ತಿದ್ದಲು ಉಳಿದಿರುವುದಿಲ್ಲ. ಮತ್ತು ಮರುಮೌಲ್ಯಮಾಪನಕ್ಕೆ ಹಾಕುವ ಪೇಪರನ್ನು ಸಿಟ್ಟು ಆರಿಸದಿರಲಿ. 49, 54, 59, 69, 79, ಈ ಸಂಖ್ಯೆಗಳ ಹತ್ತಿರ ನಿಂತ, ಕ್ರೆಡಿಟ್ಟು ಹೆಚ್ಚಿರುವ ಪೇಪರು ಮೊದಲು. ಆದರೂ ಪ್ರಸನ್ನ ಹಟ ಹಿಡಿದು ಹಾಕಿದ 43ರ ಬಗ್ಗೆ ನನಗೆ ಇನ್ನೂ ಎರಡು ಮನಸ್ಸಿದೆ. ಪಾಯಿಂಟು ಬರಲಿಲ್ಲ ನಿಜ. ತನ್ನ ಪೇಪರನ್ನು ಕಡಿಮೆ ಅಳೆದಿದ್ದರು ಎಂಬುದು ಖಚಿತವಾದ ಮೇಲೆ ಆ ವಿಷಯದ ಮುಂದುವರಿದ ಭಾಗವನ್ನು ಐದನೇ ಸೆಮಿಸ್ಟರಿನಲ್ಲಿ ಅವನು ಓದಿದ ರೀತಿಯೇ ಬೇರೆ. 61 ಬಂದದ್ದು ಅದರಲ್ಲೇ.

ಅವನ ತಂಗಿ ಈಗ ಶಿರಸಿಯಲ್ಲಿ ಬಿಕಾಂ ಓದುತ್ತಿದ್ದಾಳೆ. ವಿಶ್ವವಿದ್ಯಾಲಯ ಧಾರವಾಡದ್ದು, ನಿಯಮ ಬೇರೆ. ಅಲ್ಲೂ 2021-22ರಿಂದ ಸೇರಿದವರಿಗೆ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ, 2024-25ರಿಂದ ಸೇರಿದವರಿಗೆ ರಾಜ್ಯದ ನೀತಿಯ ಮೂರು ವರ್ಷದ ಪದವಿ ಎಂದು ಎರಡು ಬಗೆ. ಅಣ್ಣ ಅವಳಿಗೆ ಫೋನಿನಲ್ಲಿ ಕೇಳುವುದು ಎಷ್ಟು ಬಂತು ಎಂದಲ್ಲವಂತೆ, ಯಾವ ವಿಷಯಕ್ಕೆ ಎಷ್ಟು ಕ್ರೆಡಿಟ್ಟು ಎಂದು. ಅವಳಿಗೆ ಅದು ಕಿರಿಕಿರಿ. ಹೋದ ತಿಂಗಳು ಅವಳೇ ನನಗೆ ಗ್ರೇಡ್ ಕಾರ್ಡಿನ ಫೋಟೋ ಕಳಿಸಿ, ಅಣ್ಣ ಹೇಳುವುದು ಸರಿಯೋ ನೋಡಿ ಸರ್ ಎಂದಿದ್ದಳು. ಅವಳ ನಿಯಮಾವಳಿಯ ಪ್ರತಿ ತರಿಸಿ ನೋಡಿದ ಮೇಲೆ ಉತ್ತರಿಸುತ್ತೇನೆ ಎಂದು ಬರೆದೆ.